ಮಧ್ಯರಾತ್ರಿ ಬಾಗಿಲು ಹಾಕಿದ ಸದನ

ಆಗಸ್ಟ್ ಬಂತೆಂದರೆ 1947ರ ಮಧ್ಯರಾತ್ರಿಯ ಭಾಷಣ ನೆನಪಾಗುತ್ತದೆ. ಅದೇ ಗಳಿಗೆಯಲ್ಲಿ ಇಪ್ಪತ್ತಾರು ವರ್ಷ ವಾದಿಸಿದ, ಸೋತ, ಮತ್ತೆ ಎದ್ದು ನಿಂತು ಪ್ರಶ್ನೆ ಕೇಳಿದ ಒಂದು ಸದನ ಇಲ್ಲವಾಯಿತು. ಅದರ ತೀರ್ಮಾನವನ್ನು ವೈಸರಾಯ್ ಒಂದು ಸಹಿಯಿಂದ ತಳ್ಳಿಹಾಕಬಹುದಿತ್ತು. ಆದರೂ ಭಾರತದ ಸಂಸತ್ತು ಮಾತು ಕಲಿತದ್ದು ಅಲ್ಲೇ.

1947ರ ಫೆಬ್ರುವರಿ 28, ಶುಕ್ರವಾರ. ದಿಲ್ಲಿಯ ಕೌನ್ಸಿಲ್ ಹೌಸ್‌ನಲ್ಲಿ ಕೇಂದ್ರ ಶಾಸನಸಭೆ ಸೇರಿತ್ತು. ಹಣಕಾಸು ಸದಸ್ಯ ಲಿಯಾಕತ್ ಅಲಿ ಖಾನ್ ಬಜೆಟ್ ಓದಲು ಎದ್ದು ನಿಂತರು.

1948ರ ಜೂನ್ ಒಳಗೆ ಭಾರತದ ಅಧಿಕಾರ ಬಿಟ್ಟುಕೊಡುತ್ತೇವೆ ಎಂದು ಬ್ರಿಟಿಷ್ ಪ್ರಧಾನಿ ಆಟ್ಲಿ ಲಂಡನ್ನಿನಲ್ಲಿ ಸಾರಿ ಎಂಟು ದಿನವಷ್ಟೇ ಆಗಿತ್ತು. ಪಂಜಾಬ್ ಕುದಿಯುತ್ತಿತ್ತು. ಬಜೆಟ್ ಓದುತ್ತಿದ್ದವರು ಮುಸ್ಲಿಂ ಲೀಗಿನ ಮುಂದಾಳು. ಅದೇ ಸರ್ಕಾರದಲ್ಲಿ ಅವರ ಸಹೋದ್ಯೋಗಿಗಳು ನೆಹರೂ, ಪಟೇಲ್, ರಾಜಾಜಿ, ರಾಜೇಂದ್ರ ಪ್ರಸಾದ್. ಒಂದೇ ಮಂತ್ರಿಮಂಡಲ, ಎರಡು ದೇಶಗಳ ಕನಸು.

ಒಂದು ಲಕ್ಷ ರೂಪಾಯಿ ಮೀರಿದ ವ್ಯಾಪಾರದ ಲಾಭಕ್ಕೆ ಶೇ 25ರಷ್ಟು ವಿಶೇಷ ತೆರಿಗೆ ಎಂದರು ಲಿಯಾಕತ್. ಉದ್ಯಮಿಗಳು ಕೆರಳಿದರು. ‘ಬಡವರ ಬಜೆಟ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಅದೇ ಬಜೆಟ್ಟಿನಲ್ಲಿ ಇನ್ನೊಂದು ಪ್ರಸ್ತಾವವಿತ್ತು. ಅದಕ್ಕೆ ತಕರಾರು ಎತ್ತುವವರು ದೇಶದಲ್ಲೇ ಇರಲಿಲ್ಲ: ಉಪ್ಪಿನ ತೆರಿಗೆ ರದ್ದು.

ಗಾಂಧೀಜಿ ದಂಡಿಯ ಕಡಲತೀರದಲ್ಲಿ ಹಿಡಿ ಉಪ್ಪು ಎತ್ತಿ ಹದಿನೇಳು ವರ್ಷವಾಗುತ್ತ ಬಂದಿತ್ತು. ನಮ್ಮ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾನೂನು ಮುರಿದದ್ದೂ ಅದೇ ದಿನಗಳಲ್ಲಿ. ಈ ಹೋರಾಟದ ಕಥೆ ನಮಗೆಲ್ಲ ಗೊತ್ತು. ಆ ತೆರಿಗೆಯ ಏರಿಕೆಯನ್ನು ದಂಡಿಗೂ ಏಳು ವರ್ಷ ಮೊದಲೇ ಈ ಸದನ ಬೇಡವೆಂದಿತ್ತು ಎನ್ನುವುದನ್ನು ಮಾತ್ರ ಹೆಚ್ಚು ಜನ ನೆನೆಯುವುದಿಲ್ಲ.

1923ರಲ್ಲಿ ಬ್ರಿಟಿಷ್ ಹಣಕಾಸು ಸದಸ್ಯ ಬೇಸಿಲ್ ಬ್ಲ್ಯಾಕೆಟ್ ಖೋತಾ ತುಂಬಿಸಲು ಉಪ್ಪಿನ ಮೊರೆ ಹೋದರು. ಮಣ ಉಪ್ಪಿಗೆ 1 ರೂಪಾಯಿ 4 ಆಣೆ ಇದ್ದ ತೆರಿಗೆಯನ್ನು 2 ರೂಪಾಯಿ 8 ಆಣೆಗೆ ಏರಿಸುವ ಪ್ರಸ್ತಾವ ತಂದರು. ಸದನ ಒಪ್ಪಲಿಲ್ಲ. ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ‘ಇದು ಅಗತ್ಯ’ ಎಂದು ಪ್ರಮಾಣೀಕರಿಸಿದರು. ತೆರಿಗೆ ದುಪ್ಪಟ್ಟಾಯಿತು.

ಈ ಸದನದ ಶಕ್ತಿ ಎಷ್ಟು, ಸಂಕಟ ಎಂಥದು ಎಂದು ತಿಳಿಯಲು ಈ ಎರಡು ಬಜೆಟ್ ಸಾಕು. 1923ರಲ್ಲಿ ಅದರ ಮಾತು ನಡೆಯಲಿಲ್ಲ. 1947ರಲ್ಲಿ ನಡೆಯಿತು. ನಡುವಿನ ಇಪ್ಪತ್ನಾಲ್ಕು ವರ್ಷ ಅದು ಸುಮ್ಮನಿರಲಿಲ್ಲ.

ಕೇಳಬಹುದು, ಕೆಳಗಿಳಿಸಲಾಗದು

1919ರ ಭಾರತ ಸರ್ಕಾರ ಕಾಯ್ದೆಯಿಂದ ಹುಟ್ಟಿದ ಸದನ ಇದು. ಮಾಂಟೆಗು–ಚೆಲ್ಮ್ಸ್‌ಫರ್ಡ್ ಸುಧಾರಣೆಯ ಕೂಸು. 1921ರ ಫೆಬ್ರುವರಿಯಲ್ಲಿ ಡ್ಯೂಕ್ ಆಫ್ ಕನಾಟ್ ಉದ್ಘಾಟಿಸಿದಾಗ ಅದಕ್ಕೆ ಸ್ವಂತ ಮನೆಯೂ ಇರಲಿಲ್ಲ. ಈಗ ದಿಲ್ಲಿ ವಿಧಾನಸಭೆ ನಡೆಯುವ ಹಳೆಯ ಸೆಕ್ರೆಟೇರಿಯೆಟ್ ಕಟ್ಟಡದಲ್ಲಿ ಕೂತಿತು. ಬೇಸಿಗೆ ಬಂತೆಂದರೆ ಸರ್ಕಾರ ಗಂಟುಮೂಟೆ ಕಟ್ಟಿ ಶಿಮ್ಲಾ ಬೆಟ್ಟ ಹತ್ತುತ್ತಿತ್ತು. ಸದನದ ಅಧಿವೇಶನಗಳೂ ಅಲ್ಲಿ ನಡೆಯುತ್ತಿದ್ದವು.

ಒಟ್ಟು 145 ಸದಸ್ಯರಲ್ಲಿ 104 ಮಂದಿ ಚುನಾಯಿತರು. ಉಳಿದವರು ಸರ್ಕಾರ ನಾಮಕರಣ ಮಾಡಿದವರು, ಅವರಲ್ಲಿ ಹೆಚ್ಚಿನವರು ಅಧಿಕಾರಿಗಳೇ. ಚುನಾಯಿತರಲ್ಲೂ ಮುಸ್ಲಿಮರಿಗೆ, ಸಿಖ್ಖರಿಗೆ, ಯುರೋಪಿಯನ್ನರಿಗೆ, ಜಮೀನ್ದಾರರಿಗೆ, ವ್ಯಾಪಾರಿಗಳಿಗೆ ಬೇರೆ ಬೇರೆ ಕ್ಷೇತ್ರ. ಆಸ್ತಿ, ಕಂದಾಯ, ಆದಾಯ ತೆರಿಗೆ ಇದ್ದವರಿಗಷ್ಟೇ ಮತ. 1920ರ ಮೊದಲ ಚುನಾವಣೆಯಲ್ಲಿ ಇಡೀ ಬ್ರಿಟಿಷ್ ಭಾರತದಿಂದ ಮತದಾರರ ಪಟ್ಟಿಯಲ್ಲಿದ್ದವರು ಹತ್ತು ಲಕ್ಷಕ್ಕೂ ಕಡಿಮೆ. ಗಣರಾಜ್ಯದ ಮೊದಲ ಮಹಾಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಜನರಿದ್ದರು. ಆ ಸದನವನ್ನು ಹೊಗಳುವ ಮುನ್ನ ಈ ಅಂತರ ಮರೆಯಬಾರದು. ಅಲ್ಲಿ ಕೂಲಿಯವನ ಮತ ಇರಲಿಲ್ಲ, ಗೇಣಿದಾರನ ಮತ ಇರಲಿಲ್ಲ.

ಸರ್ಕಾರ ಈ ಸದನಕ್ಕೆ ಉತ್ತರದಾಯಿ ಅಲ್ಲ. ವೈಸರಾಯರ ಕಾರ್ಯಕಾರಿ ಮಂಡಳಿಯನ್ನು ಮತ ಹಾಕಿ ಕೆಳಗಿಳಿಸುವಂತಿರಲಿಲ್ಲ. ಸೇನೆಯ ಖರ್ಚು, ಸಾಲದ ಬಡ್ಡಿ, ದೊಡ್ಡ ಅಧಿಕಾರಿಗಳ ಸಂಬಳ ಮತಕ್ಕೇ ಬರುತ್ತಿರಲಿಲ್ಲ. ಮತಕ್ಕೆ ಬಂದು ಸದನ ತಿರಸ್ಕರಿಸಿದ್ದನ್ನು ವೈಸರಾಯ್ ಮರಳಿ ಊರ್ಜಿತಗೊಳಿಸಬಹುದಿತ್ತು. ಹಣಕಾಸು ಮಸೂದೆ ಸದನದಲ್ಲಿ ಮತ್ತೆ ಮತ್ತೆ ಬಿದ್ದಿತು. ಪ್ರತಿ ಸಲವೂ ವೈಸರಾಯರ ಸಹಿ ಅದನ್ನು ಎತ್ತಿ ನಿಲ್ಲಿಸಿತು.

ಹಾಗಾದರೆ ಉಳಿದದ್ದೇನು? ಕೇಳುವ ಹಕ್ಕು.

ಪ್ರಶ್ನೋತ್ತರ ವೇಳೆ, ಪೂರಕ ಪ್ರಶ್ನೆ, ನಿಲುವಳಿ ಸೂಚನೆ, ಕಡಿತ ಸೂಚನೆ. ಇವನ್ನು ಭಾರತೀಯ ಸದಸ್ಯರು ಆಯುಧದಂತೆ ಮಸೆದುಕೊಂಡರು. ಕಡಿತ ಸೂಚನೆಯನ್ನೇ ನೋಡಿ. ಒಂದು ಇಲಾಖೆಯ ಬೇಡಿಕೆ ಮತಕ್ಕೆ ಬಂದಾಗ ‘ಇದರಲ್ಲಿ 100 ರೂಪಾಯಿ ಕಡಿಮೆ ಮಾಡಿ’ ಎಂದು ಒಬ್ಬ ಸದಸ್ಯ ಸೂಚಿಸುತ್ತಾನೆ. ನೂರು ರೂಪಾಯಿ ಉಳಿಸುವ ಆಸೆ ಯಾರಿಗೂ ಇಲ್ಲ. ಆ ನೂರು ರೂಪಾಯಿಯ ನೆಪದಲ್ಲಿ ರೈಲಿನ ಮೂರನೇ ದರ್ಜೆಯ ನರಕವನ್ನೋ, ಸೇನೆಯಲ್ಲಿ ಭಾರತೀಯರಿಗೆ ಅಧಿಕಾರಿ ಹುದ್ದೆ ಸಿಗದ ಅನ್ಯಾಯವನ್ನೋ ದಾಖಲೆಗೆ ಸೇರಿಸಬಹುದು. ಸೂಚನೆ ಗೆದ್ದರೆ ಸರ್ಕಾರಕ್ಕೆ ಮುಖಭಂಗ. ಮರುದಿನ ಪತ್ರಿಕೆಗಳಲ್ಲಿ ದೇಶವೆಲ್ಲ ಓದುತ್ತದೆ. ಅಧಿಕಾರವಿಲ್ಲದ ಸದನ ಹೀಗೆ ಸಾರ್ವಜನಿಕ ಅಭಿಪ್ರಾಯವನ್ನು ಕಟ್ಟಿತು.

1924ರಲ್ಲಿ ಸ್ವರಾಜ್ ಪಕ್ಷದ ಮೋತಿಲಾಲ್ ನೆಹರೂ, ಭಾರತದ ಸಂವಿಧಾನವನ್ನು ರೂಪಿಸಲು ದುಂಡುಮೇಜಿನ ಪರಿಷತ್ತು ಕರೆಯಿರಿ ಎಂಬ ನಿರ್ಣಯವನ್ನು ಇಲ್ಲೇ ಗೆಲ್ಲಿಸಿದರು. 1928ರಲ್ಲಿ ಲಾಲಾ ಲಜಪತರಾಯರು ಸೈಮನ್ ಆಯೋಗದ ಮೇಲೆ ಅವಿಶ್ವಾಸದ ನಿರ್ಣಯ ತಂದಾಗ ಅದು 68–62ರಿಂದ ಪಾಸಾಯಿತು. ಬಾಲ್ಯವಿವಾಹಕ್ಕೆ ತಡೆ ಹಾಕಿದ ಶಾರದಾ ಕಾಯ್ದೆ 1929ರಲ್ಲಿ ಈ ಸದನದ ಒಬ್ಬ ಖಾಸಗಿ ಸದಸ್ಯ, ಹರಬಿಲಾಸ್ ಶಾರದಾ, ತಂದ ಮಸೂದೆಯಿಂದಲೇ ಬಂತು.

1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಗ್ಯಾಲರಿಯಿಂದ ಬಾಂಬ್ ಎಸೆದದ್ದೂ ಇದೇ ಸದನದೊಳಕ್ಕೆ. ಆ ಕಥೆಗೊಂದು ಉತ್ತರಾರ್ಧವಿದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜೈಲಿನಲ್ಲಿ ಭಗತ್ ಸಿಂಗ್ ಮತ್ತು ಸಂಗಾತಿಗಳು ಉಪವಾಸ ಕೂತರು. ಕೋರ್ಟಿಗೆ ಬರಲಾಗದ ಆರೋಪಿಗಳ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಲು ಸರ್ಕಾರ ಮಸೂದೆ ತಂದಿತು. ಸೆಪ್ಟೆಂಬರಿನಲ್ಲಿ ಅದನ್ನು ಈ ಸದನದಲ್ಲಿ ಎದುರಿಸಿ ದೀರ್ಘವಾಗಿ ವಾದಿಸಿದವರು ಮೊಹಮ್ಮದ್ ಅಲಿ ಜಿನ್ನಾ. ಅವರು ಮಾತಾಡುತ್ತಿದ್ದ ಅದೇ ದಿನಗಳಲ್ಲಿ, ಸೆಪ್ಟೆಂಬರ್ 13ರಂದು, ಜತೀಂದ್ರನಾಥ ದಾಸ್ 63 ದಿನದ ಉಪವಾಸದ ಕೊನೆಗೆ ಪ್ರಾಣ ಬಿಟ್ಟರು. ಮಸೂದೆ ಮುಂದೆ ಹೋಗಲಿಲ್ಲ. ಮುಂದಿನ ಮೇ ತಿಂಗಳಲ್ಲಿ ವೈಸರಾಯ್ ಇರ್ವಿನ್ ಸುಗ್ರೀವಾಜ್ಞೆ ಹೊರಡಿಸಿ ವಿಶೇಷ ನ್ಯಾಯಮಂಡಳಿಯ ಮೂಲಕ ಕೆಲಸ ಮುಗಿಸಿದರು.

ಸದನ ಗೆದ್ದಿತ್ತು, ಸಹಿ ಸೋಲಿಸಿತು. ಮತ್ತೆ ಅದೇ ಕಥೆ.

[ಚೌಕಟ್ಟು] ದುಂಡು ಮನೆ
ಸದನಕ್ಕೆ ಸ್ವಂತ ಮನೆಯಾದ ಕೌನ್ಸಿಲ್ ಹೌಸ್‌ನ ಶಂಕುಸ್ಥಾಪನೆ 1921ರ ಫೆಬ್ರುವರಿ 12. ಉದ್ಘಾಟನೆ 1927ರ ಜನವರಿ 18, ವೈಸರಾಯ್ ಲಾರ್ಡ್ ಇರ್ವಿನ್ ಅವರಿಂದ. ವಿನ್ಯಾಸ ಹರ್ಬರ್ಟ್ ಬೇಕರ್ ಮತ್ತು ಎಡ್ವಿನ್ ಲುಟಿಯೆನ್ಸ್ ಅವರದು. ವ್ಯಾಸ 560 ಅಡಿ, ಸುತ್ತ 144 ಕಲ್ಲುಕಂಬ, 12 ಬಾಗಿಲು. ತಗುಲಿದ ವೆಚ್ಚ 83 ಲಕ್ಷ ರೂಪಾಯಿ. ಒಳಗೆ ಮೂರು ಸಭಾಂಗಣ: ಶಾಸನಸಭೆಗೆ ಒಂದು, ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಒಂದು, ಸಂಸ್ಥಾನಗಳ ಅರಸರಿಗೆ ಒಂದು. ನಡುವಿನ ಗ್ರಂಥಾಲಯ ಭವನದಲ್ಲಿ 1946ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆ ಮೊದಲ ಸಲ ಸೇರಿತು. ಮುಂದೆ ಅದೇ ಸೆಂಟ್ರಲ್ ಹಾಲ್. 2023ರ ಸೆಪ್ಟೆಂಬರಿನಿಂದ ಇಡೀ ಕಟ್ಟಡದ ಹೆಸರು ಸಂವಿಧಾನ ಸದನ.

ಮೂರು ಮತಗಳ ಅಂತರ

1934ರಲ್ಲಿ ಆರಿಸಿಬಂದ ಸದನ ಮೂರು ವರ್ಷಕ್ಕೆ ಮುಗಿಯಬೇಕಿತ್ತು. ಅವಧಿ ಮತ್ತೆ ಮತ್ತೆ ವಿಸ್ತರಣೆಯಾಗಿ, ನಡುವೆ ಮಹಾಯುದ್ಧವೂ ಬಂದು, ಹನ್ನೊಂದು ವರ್ಷ ಎಳೆಯಿತು. ಯುದ್ಧ ಮುಗಿದ ಮೇಲೆ 1945ರ ಕೊನೆಯಲ್ಲಿ ಚುನಾವಣೆ ನಡೆದಾಗ ದೇಶ ಬೇರೆಯೇ ಆಗಿತ್ತು. ಬರ್ಮಾ ಬೇರೆಯಾಗಿ ಚುನಾಯಿತ ಸ್ಥಾನಗಳು 102ಕ್ಕೆ ಇಳಿದಿದ್ದವು. ಸಾಮಾನ್ಯ ಕ್ಷೇತ್ರಗಳನ್ನು ಕಾಂಗ್ರೆಸ್ ಬಾಚಿಕೊಂಡಿತು. ಮುಸ್ಲಿಂ ಕ್ಷೇತ್ರಗಳು 30, ಅಷ್ಟನ್ನೂ ಲೀಗ್ ಗೆದ್ದಿತು. ಮುಂದಿನದನ್ನು ಆ ಫಲಿತಾಂಶವೇ ಬರೆದಿಟ್ಟಂತಿತ್ತು.

ಹೊಸ ಸದನದ ಮೊದಲ ಕಾಳಗ ಅಧ್ಯಕ್ಷ ಪೀಠಕ್ಕೆ. 1946ರ ಜನವರಿ 24. ಕಾಂಗ್ರೆಸ್ ನಿಲ್ಲಿಸಿದ್ದು ಅಹಮದಾಬಾದಿನ ವಕೀಲ ಗಣೇಶ ವಾಸುದೇವ ಮಾವಳಂಕರ್ ಅವರನ್ನು. 1937ರಿಂದ ಅವರು ಮುಂಬಯಿ ಶಾಸನಸಭೆಯ ಸ್ಪೀಕರ್. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಶಾಸಕರು ಕೂತಿದ್ದ ಸದನ ಅದು. ಎದುರಾಳಿ ಮುಂಬಯಿಯ ಸರ್ ಕಾವಸ್ಜಿ ಜಹಾಂಗೀರ್.

ಲೆಕ್ಕ ಕಾಂಗ್ರೆಸ್ ಪರವಾಗಿರಲಿಲ್ಲ. ಅದರ ಬಲ ಅರುವತ್ತಕ್ಕೆ ತಲುಪಿರಲಿಲ್ಲ. ನಾಮಕರಣಗೊಂಡವರು, ಯುರೋಪಿಯನ್ನರು, ಲೀಗಿನವರು ಒಂದಾದರೆ ಸೋಲು ಖಂಡಿತ. ಆದರೆ ಮತದಾನ ಗುಪ್ತವಾಗಿತ್ತು. ಎಣಿಕೆ ಮುಗಿದಾಗ ಮಾವಳಂಕರ್ ಅವರಿಗೆ 66, ಜಹಾಂಗೀರ್ ಅವರಿಗೆ 63. ಕಾಂಗ್ರೆಸ್ಸಿನಾಚೆಯ ಕೆಲವು ಕೈಗಳು ಮಾವಳಂಕರ್ ಹೆಸರಿಗೆ ಗುರುತು ಹಾಕಿದ್ದವು.

ಆ ಪೀಠಕ್ಕೆ ಅಷ್ಟೊಂದು ಪೈಪೋಟಿ ಏಕೆಂದರೆ ಅಲ್ಲಿ ಹಿಂದೆ ವಿಠ್ಠಲಭಾಯಿ ಪಟೇಲ್ ಕೂತಿದ್ದರು. ವಲ್ಲಭಭಾಯಿಯವರ ಅಣ್ಣ. 1925ರ ಆಗಸ್ಟಿನಲ್ಲಿ ಶಿಮ್ಲಾದಲ್ಲಿ ಎರಡೇ ಮತಗಳ ಅಂತರದಿಂದ, 58–56ರಿಂದ, ಗೆದ್ದು ಆ ಸ್ಥಾನಕ್ಕೆ ಚುನಾಯಿತರಾದ ಮೊದಲ ಭಾರತೀಯ. 1928ರಲ್ಲಿ ಸಾರ್ವಜನಿಕ ಸುರಕ್ಷತಾ ಮಸೂದೆಗೆ ಪರ–ವಿರೋಧ ಸಮಸಮ ಮತ ಬಿದ್ದಾಗ ತಮ್ಮ ನಿರ್ಣಾಯಕ ಮತವನ್ನು ಸರ್ಕಾರದ ವಿರುದ್ಧ ಹಾಕಿದರು. ಮಸೂದೆ ಮತ್ತೆ ಬಂದಾಗ, ಮೀರತ್ ಪಿತೂರಿ ಮೊಕದ್ದಮೆ ಕೋರ್ಟಿನಲ್ಲಿರುವಾಗ ಇದನ್ನು ಚರ್ಚಿಸಲು ಬಿಡುವುದಿಲ್ಲ ಎಂದು ರೂಲಿಂಗ್ ಕೊಟ್ಟರು. ಸರ್ಕಾರದ ಕೈಕೆಳಗಿದ್ದ ಸಚಿವಾಲಯವನ್ನು ಬಿಡಿಸಿ ಸದನಕ್ಕೆ ತನ್ನದೇ ಸಚಿವಾಲಯವನ್ನು 1929ರಲ್ಲಿ ಕಟ್ಟಿಕೊಟ್ಟವರೂ ಅವರೇ. ಇವತ್ತಿನ ಲೋಕಸಭಾ ಸಚಿವಾಲಯದ ಬೇರು ಅಲ್ಲಿದೆ.

ಸದನದ ಸ್ವಾತಂತ್ರ್ಯ ದೇಶದ ಸ್ವಾತಂತ್ರ್ಯಕ್ಕಿಂತ ಹದಿನೆಂಟು ವರ್ಷ ಮೊದಲೇ ಶುರುವಾಗಿತ್ತು ಎಂದು ನಾನು ನಂಬುವುದು ಈ ಕಾರಣಕ್ಕೆ.

ಮಾವಳಂಕರ್ ಪೀಠ ಏರಿದ ನಾಲ್ಕನೇ ದಿನ ವೈಸರಾಯ್ ವೇವಲ್ ಸದನಕ್ಕೆ ಬಂದು, ಭಾರತದ ಪ್ರಮುಖ ಪಕ್ಷಗಳ ಬೆಂಬಲವಿರುವ ಕಾರ್ಯಕಾರಿ ಮಂಡಳಿ ರಚಿಸುವ ಇಂಗಿತವನ್ನು ತಿಳಿಸಿದರು. ಮುಂದಿನ ವಾರಗಳಲ್ಲಿ ಸದನ ಕಾದ ಕಬ್ಬಿಣದಂತಿತ್ತು. ಆಜಾದ್ ಹಿಂದ್ ಫೌಜಿನ ಸೈನಿಕರನ್ನು ಬಿಡಿ ಎಂಬ ಕೂಗು. ಫೆಬ್ರುವರಿ 18ರಂದು ಮುಂಬಯಿಯ ‘ತಲವಾರ್’ ನೌಕಾನೆಲೆಯಲ್ಲಿ ನಾವಿಕರ ಬಂಡಾಯ. ಅದರ ಬಗ್ಗೆ ಕಾಂಗ್ರೆಸ್ಸಿನ ಆಸಫ್ ಅಲಿ ನಿಲುವಳಿ ಸೂಚನೆ ತಂದರು. ಮುಂಬಯಿಯ ಬೀದಿಗಳಲ್ಲಿ ಗುಂಡಿನ ಸದ್ದು, ದಿಲ್ಲಿಯ ಸದನದಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಪ್ರಶ್ನೆಗಳ ಸುರಿಮಳೆ.

ಎದುರಿನ ಸಾಲಿನಿಂದ ಸರ್ಕಾರದ ಸಾಲಿಗೆ

1946ರ ಸೆಪ್ಟೆಂಬರ್ 2ರಂದು ನೆಹರೂ ಮುಂದಾಳತ್ವದ ಮಧ್ಯಂತರ ಸರ್ಕಾರ ಬಂತು. ಅಕ್ಟೋಬರ್ 26ರಂದು ಲೀಗಿನ ಐವರು ಅದನ್ನು ಸೇರಿದರು. ಎರಡು ದಿನ ಕಳೆದು, ಅಕ್ಟೋಬರ್ 28ರಂದು, ಶಾಸನಸಭೆ ಕಲಾಪಕ್ಕೆ ಸೇರಿತು.

ಆ ದಿನದ ಆಸನ ವ್ಯವಸ್ಥೆಯನ್ನೊಮ್ಮೆ ಊಹಿಸಿಕೊಳ್ಳಿ. ಕಾಲು ಶತಮಾನ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಕೂತು ಉತ್ತರ ಕೊಡುತ್ತಿದ್ದ ಸಾಲಿನಲ್ಲಿ ಈಗ ಗೃಹಖಾತೆಗೆ ವಲ್ಲಭಭಾಯಿ ಪಟೇಲ್, ಆಹಾರಕ್ಕೆ ರಾಜೇಂದ್ರ ಪ್ರಸಾದ್, ಕಾರ್ಮಿಕ ಖಾತೆಗೆ ಜಗಜೀವನ್ ರಾಂ, ಹಣಕಾಸಿಗೆ ಲಿಯಾಕತ್, ಕಾನೂನಿಗೆ ಬಂಗಾಳದ ದಲಿತ ನಾಯಕ, ಲೀಗ್ ಪರವಾಗಿ ಬಂದ ಜೋಗೇಂದ್ರನಾಥ ಮಂಡಲ್. ಪ್ರಶ್ನೆ ಕೇಳಿ ಕೇಳಿ ಪಳಗಿದ್ದ ಪಕ್ಷ ಈಗ ಉತ್ತರ ಕೊಡಬೇಕು. ಹೊರಗೆ ನೌಖಾಲಿ ಉರಿದಿತ್ತು, ಬಿಹಾರ ಹೊತ್ತಿಕೊಳ್ಳುತ್ತಿತ್ತು.

ಎರಡು ದೊಡ್ಡ ಪಕ್ಷಗಳೂ ಸರ್ಕಾರದಲ್ಲೇ ಇದ್ದ ಮೇಲೆ ವಿರೋಧ ಪಕ್ಷ ಯಾವುದು? ಸರ್ಕಾರದ ಬೆನ್ನ ಹಿಂದಿನ ಸಾಲುಗಳೇ ವಿರೋಧ ಪಕ್ಷವಾದವು. ಲಿಯಾಕತ್ ಬಜೆಟ್ಟಿನ ವ್ಯಾಪಾರ ಲಾಭ ತೆರಿಗೆಯ ಮೇಲೆ ಕಾಂಗ್ರೆಸ್ ಸದಸ್ಯರೇ ಮುಗಿಬಿದ್ದರು. ಕೊನೆಗೆ ಶೇ 25 ಇದ್ದದ್ದು ಆರರಲ್ಲೊಂದು ಪಾಲಿಗೆ ಇಳಿಯಿತು. ಕಾಂಗ್ರೆಸ್ಸಿನ ಬೆಂಬಲಿಗ ಉದ್ಯಮಿಗಳನ್ನು ಹಣಿಯಲೆಂದೇ ಲಿಯಾಕತ್ ಹೀಗೆ ಮಾಡಿದರು ಎಂದು ಒಂದು ಕಡೆ, ಸಮಾಜವಾದ ಮಾತಾಡುವವರು ಬಡವರ ಪರ ತೆರಿಗೆಯನ್ನು ಎದುರಿಸಿದರು ಎಂದು ಇನ್ನೊಂದು ಕಡೆ ವಾದಿಸುತ್ತಾರೆ. ಎರಡರಲ್ಲೂ ಹುರುಳಿದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ತಿದ್ದುಪಡಿ ಬಂತು, ಚರ್ಚೆಯಾಯಿತು, ಸರ್ಕಾರ ಬಗ್ಗಿತು. ಯಾವ ವೈಸರಾಯರ ಪ್ರಮಾಣಪತ್ರವೂ ಬೇಕಾಗಲಿಲ್ಲ. ದೇಶ ಒಡೆಯಲು ಕೆಲವೇ ತಿಂಗಳಿದ್ದಾಗ ಸದನ ಸದನದಂತೆ ನಡೆದುಕೊಂಡಿತು.

[ಚೌಕಟ್ಟು] ಬಾಗಿಲು ಹಾಕುವ ಮುನ್ನ
ಕೊನೆಯ ಎರಡು ವರ್ಷಗಳಲ್ಲಿ ಈ ಸದನದಿಂದ ಹೊರಬಂದ ಕಾಯ್ದೆಗಳು ದೀರ್ಘಾಯುಷಿಗಳು. ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆಯನ್ನು 48ಕ್ಕೆ ಇಳಿಸಿದ 1946ರ ತಿದ್ದುಪಡಿಯ ಹಿಂದೆ ಆಗಿನ ಕಾರ್ಮಿಕ ಸದಸ್ಯ ಡಾ. ಬಿ.ಆರ್. ಅಂಬೇಡ್ಕರ್ ಇದ್ದರು. 1946ರ ವಿದೇಶಿಯರ ಕಾಯ್ದೆ 2025ರವರೆಗೂ ಬಾಳಿತು. 1947ರ ಭ್ರಷ್ಟಾಚಾರ ತಡೆ ಕಾಯ್ದೆಯ ಜಾಗಕ್ಕೆ 1988ರಲ್ಲಿ ಹೊಸದು ಬಂತು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಆಧಾರದ ಮೇಲೆ ಲಕ್ಷಾಂತರ ಕಾರ್ಮಿಕರು ಹಲವು ದಶಕ ನ್ಯಾಯ ಕೇಳಿದರು.

ದನಿಯೇ ಇಲ್ಲದ ಮೈಸೂರು

ಈ ಸದನವನ್ನು ರಾಷ್ಟ್ರೀಯ ಎನ್ನುತ್ತೇವಲ್ಲ, ಅದು ಅರ್ಧ ಸತ್ಯ. ದೇಶದ ಸುಮಾರು ಐದರಲ್ಲಿ ಎರಡು ಪಾಲು ನೆಲ ಸಂಸ್ಥಾನಗಳದ್ದು. ಅಲ್ಲಿನ ಜನ ಕೇಂದ್ರ ಶಾಸನಸಭೆಗೆ ಒಬ್ಬನನ್ನೂ ಆರಿಸುವಂತಿರಲಿಲ್ಲ. ಕಟ್ಟಡದಲ್ಲಿ ಅರಸರಿಗೊಂದು ಸಭಾಂಗಣವಿತ್ತು, ಪ್ರಜೆಗಳಿಗೆ ಇರಲಿಲ್ಲ.

ಇದರ ಬಿಸಿ ಕನ್ನಡಿಗರಿಗೆ ಚೆನ್ನಾಗಿ ತಟ್ಟಿತ್ತು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ದಿವಾನ್ ರಂಗಾಚಾರ್ಲು ಕಾಲದ್ದು. 1907ರಿಂದ ನ್ಯಾಯವಿಧಾಯಕ ಸಭೆಯೂ ಇತ್ತು. ಪ್ರಜಾಪ್ರತಿನಿಧಿ ಸಭೆ ದಿಲ್ಲಿಯ ಶಾಸನಸಭೆಗಿಂತ ನಲವತ್ತು ವರ್ಷ ಹಿರಿಯದು. ಆದರೂ ರಕ್ಷಣೆ, ರೈಲು, ಸುಂಕ, ನಾಣ್ಯದ ಬಗ್ಗೆ ದಿಲ್ಲಿಯಲ್ಲಿ ನಡೆಯುವ ತೀರ್ಮಾನ ಮೈಸೂರಿನವರನ್ನು ಕೇಳದೆಯೇ ಅವರ ಮೇಲೆ ಬೀಳುತ್ತಿತ್ತು.

1945ರ ಕೊನೆಯಲ್ಲಿ ಮಳೆ ಕೈಕೊಟ್ಟಿತು. ಮದ್ರಾಸ್, ಮೈಸೂರು, ಮುಂಬಯಿ ಪ್ರಾಂತ್ಯದ ದಖ್ಖನ್ ಜಿಲ್ಲೆಗಳು ಕಂಗಾಲಾದವು. 1946ರ ಮೊದಲ ತಿಂಗಳುಗಳಲ್ಲಿ ಪಡಿತರವನ್ನು ತಲೆಗೆ ದಿನಕ್ಕೆ 12 ಔನ್ಸ್ ಧಾನ್ಯಕ್ಕೆ, ಅಂದರೆ ಸುಮಾರು 340 ಗ್ರಾಂಗೆ, ಇಳಿಸಲಾಯಿತು. ಬಂಗಾಳದ ಬರ ಇನ್ನೂ ಎಲ್ಲರ ಕಣ್ಣಲ್ಲಿತ್ತು. ಸದನ ಆಹಾರದ ಸ್ಥಿತಿಯನ್ನು ಚರ್ಚಿಸಿತು. ಧಾರವಾಡದ ಹಸಿವಿಗೆ ಅಲ್ಲಿ ಒಬ್ಬ ಪ್ರತಿನಿಧಿ ಇದ್ದರು. ಕೋಲಾರದ, ಚಿತ್ರದುರ್ಗದ ಹಸಿವಿಗೆ ಇರಲಿಲ್ಲ. ಕಲಬುರಗಿ, ರಾಯಚೂರಿಗೂ ಇರಲಿಲ್ಲ, ಅವು ನಿಜಾಮರವು. ಒಂದೇ ಭಾಷೆ ಮಾತಾಡುವ ಜನರಲ್ಲಿ ಯಾರ ಅಳಲು ದಿಲ್ಲಿಯ ದಾಖಲೆಗೆ ಹೋಗಬೇಕು ಎನ್ನುವುದನ್ನು ಹಳೆಯ ಒಪ್ಪಂದಗಳ ಗಡಿರೇಖೆ ತೀರ್ಮಾನಿಸುತ್ತಿತ್ತು.

ಆ ರೇಖೆ ಅಳಿದದ್ದು ಸಂವಿಧಾನ ರಚನಾ ಸಭೆಯಲ್ಲಿ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ, ಟಿ. ಚನ್ನಯ್ಯ ಸೇರಿ ಏಳು ಮಂದಿ ಮೈಸೂರಿನಿಂದ ಹೋಗಿ, ಮುಂಬಯಿ ಪ್ರಾಂತ್ಯದಿಂದ ಬಂದಿದ್ದ ಎಸ್. ನಿಜಲಿಂಗಪ್ಪ, ಆರ್.ಆರ್. ದಿವಾಕರ ಅವರ ಜತೆ ಒಂದೇ ಸೂರಿನಡಿ ಕೂತರು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಒಂಬತ್ತು ವರ್ಷವಿದ್ದಾಗ ಇದು ಸಣ್ಣ ಸಂಗತಿಯಲ್ಲ.

[ಚೌಕಟ್ಟು] ಕನ್ನಡ ನೆಲದಿಂದ
ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. 1938ರಲ್ಲಿ ಕೇಂದ್ರ ಶಾಸಕಾಂಗಕ್ಕೆ ಮದ್ರಾಸ್ ಪ್ರಾಂತ್ಯದಿಂದ ಚುನಾಯಿತರಾದರು. ಬೆಳಗಾವಿಯ ಡಿ.ವಿ. ಬೆಳವಿ 1920ರ ದಶಕದಲ್ಲಿ ಮುಂಬಯಿಯ ದಕ್ಷಿಣ ವಿಭಾಗದ ಸದಸ್ಯರಾಗಿದ್ದರು. ಕೊನೆಯ ಸದನದಲ್ಲಿ ಅದೇ ಕ್ಷೇತ್ರದಿಂದ ಇದ್ದವರು ಧಾರವಾಡದ ಡಿ.ಪಿ. ಕರಮರಕರ. ಮುಂದೆ ಅವರು ಕೇಂದ್ರದ ಆರೋಗ್ಯ ಸಚಿವರಾದರು. ಮಂಗಳೂರು ಮೂಲದ ಬೆನಗಲ್ ನರಸಿಂಗ ರಾಯರು ಸದಸ್ಯರಲ್ಲ, ಆದರೆ ಸದನದ ಮುಂದೆ ಬಂದ ಹಿಂದೂ ಕಾನೂನು ಸುಧಾರಣೆಯ ಕರಡಿಗೆ ಅವರ ಅಧ್ಯಕ್ಷತೆಯ ಸಮಿತಿಯೇ ಮೂಲ.

ಕೊನೆಗೆ ಬಂದ ಮಸೂದೆ

1947ರ ಏಪ್ರಿಲ್‌ನಲ್ಲಿ ಬಜೆಟ್ ಅಧಿವೇಶನ ಮುಗಿಯಿತು. ಅದು ಈ ಸದನದ ಕೊನೆಯ ಅಧಿವೇಶನ. ಮತ್ತೆ ಸೇರುವುದಿಲ್ಲ ಎಂದು ಆಗ ಯಾರಿಗೂ ಖಚಿತವಿರಲಿಲ್ಲ. ಅಧಿಕಾರ ಹಸ್ತಾಂತರಕ್ಕೆ ಇನ್ನೂ ಒಂದು ವರ್ಷವಿದೆ ಎಂದೇ ಎಣಿಕೆ. ಜೂನ್ 3ರಂದು ಮೌಂಟ್‌ಬ್ಯಾಟನ್ ಯೋಜನೆ ಪ್ರಕಟವಾಯಿತು, ಜುಲೈನಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಭಾರತ ಸ್ವಾತಂತ್ರ್ಯ ಕಾಯ್ದೆ ಪಾಸು ಮಾಡಿತು. ಆಗಸ್ಟ್ 14ರ ಮಧ್ಯರಾತ್ರಿಗೆ ಶಾಸನಸಭೆ ಮತ್ತು ಕೌನ್ಸಿಲ್ ಆಫ್ ಸ್ಟೇಟ್ ಎರಡೂ ಇಲ್ಲವಾದವು. ಬೀಳ್ಕೊಡುಗೆಯ ಕಲಾಪ ನಡೆಯಲಿಲ್ಲ. ಅದೇ ಕಟ್ಟಡದ ಪಕ್ಕದ ಸಭಾಂಗಣದಲ್ಲಿ ಸಂವಿಧಾನ ರಚನಾ ಸಭೆ ದೇಶದ ಅಧಿಕಾರ ವಹಿಸಿಕೊಂಡಿತು.

ಆಗ ಒಂದು ತೊಡಕು ಎದ್ದಿತು. ಸಂವಿಧಾನ ಬರೆಯುವ ಸಭೆಯೇ ದಿನನಿತ್ಯದ ಕಾನೂನನ್ನೂ ಮಾಡಬೇಕು, ಬಜೆಟ್ಟನ್ನೂ ಒಪ್ಪಬೇಕು. ಎರಡನ್ನೂ ಬೆರೆಸದೆ ನಡೆಸುವುದು ಹೇಗೆ? ಆಗಸ್ಟ್ 20ರಂದು ಇದಕ್ಕೊಂದು ಸಮಿತಿ ನೇಮಿಸಿದರು, ಮಾವಳಂಕರ್ ಅಧ್ಯಕ್ಷರು. ಎರಡು ಕೆಲಸಗಳನ್ನೂ ಬೇರೆ ಬೇರೆಯಾಗಿಯೇ ನಡೆಸಿ, ಶಾಸನದ ಕೆಲಸಕ್ಕೆ ಪ್ರತ್ಯೇಕ ಸ್ಪೀಕರ್ ಇರಲಿ ಎಂದು ತೀರ್ಮಾನವಾಯಿತು. ನವೆಂಬರ್ 17ರಂದು ಆ ಸ್ಥಾನಕ್ಕೆ ಮಾವಳಂಕರ್ ಅವರನ್ನೇ ಆರಿಸಿದರು. ಹಳೆಯ ಸದನದ ನಿಯಮ, ಸಂಪ್ರದಾಯಗಳು ಅವರ ಜೊತೆಗೇ ಈಚೆ ದಾಟಿ ಬಂದವು.

ಸದಸ್ಯರು ಮಾತ್ರ ಎರಡಾಗಿ ಹಂಚಿಹೋದರು. ಜಿನ್ನಾ ಪಾಕಿಸ್ತಾನದ ಗವರ್ನರ್ ಜನರಲ್, ಲಿಯಾಕತ್ ಮೊದಲ ಪ್ರಧಾನಿ. ಆ ಕೊನೆಯ ಅಧಿವೇಶನದಲ್ಲಿ ಕಾನೂನು ಸದಸ್ಯರಾಗಿದ್ದ ಜೋಗೇಂದ್ರನಾಥ ಮಂಡಲ್ ಕರಾಚಿಗೆ ಹೋಗಿ, ಪಾಕಿಸ್ತಾನ ಸಂವಿಧಾನ ಸಭೆಯ ಮೊದಲ ಕಲಾಪಕ್ಕೆ ತಾತ್ಕಾಲಿಕ ಅಧ್ಯಕ್ಷರಾದರು, ಆ ದೇಶದ ಮೊದಲ ಕಾನೂನು ಮಂತ್ರಿಯೂ ಆದರು. 1950ರಲ್ಲಿ ಮನಸ್ಸು ಮುರಿದು ರಾಜೀನಾಮೆ ಕೊಟ್ಟು ಕೋಲ್ಕತ್ತಕ್ಕೆ ಮರಳಿದರು.

ಮಂಡಲ್ ಕಾನೂನು ಸದಸ್ಯರಾಗಿದ್ದಾಗಲೇ, 1947ರ ಏಪ್ರಿಲ್ 11ರಂದು, ಹಿಂದೂ ಕೋಡ್ ಮಸೂದೆ ಈ ಸದನದಲ್ಲಿ ಮಂಡನೆಯಾಯಿತು. ಮಗಳಿಗೆ ಆಸ್ತಿಯಲ್ಲಿ ಪಾಲು, ಒಬ್ಬನಿಗೆ ಒಬ್ಬಳೇ ಹೆಂಡತಿ, ಬೇಡವಾದ ಮದುವೆಯಿಂದ ಬಿಡುಗಡೆ. ಬೆನಗಲ್ ನರಸಿಂಗ ರಾಯರ ಸಮಿತಿ ಊರೂರು ಸುತ್ತಿ, ಪಂಡಿತರನ್ನೂ ವಕೀಲರನ್ನೂ ಮಹಿಳಾ ಸಂಘಗಳನ್ನೂ ಕೇಳಿ ಸಿದ್ಧಪಡಿಸಿದ ಕರಡು ಅದರ ಹಿಂದಿತ್ತು. ಆಯಸ್ಸು ಮುಗಿಯುತ್ತಿದ್ದ ಸದನ ಅದನ್ನು ಚರ್ಚಿಸಲಿಲ್ಲ. ಆದರೆ ಅದು ಕಲಾಪದ ಪುಸ್ತಕಕ್ಕೆ ಸೇರಿತ್ತು.

ಮಸೂದೆ ಸಾಯಲಿಲ್ಲ. 1948ರ ಏಪ್ರಿಲ್ 9ರಂದು ಅದು ಆಯ್ಕೆ ಸಮಿತಿಗೆ ಹೋಯಿತು. ಈ ಸಲ ಅದನ್ನು ಹೊತ್ತವರು ಸ್ವತಂತ್ರ ಭಾರತದ ಕಾನೂನು ಮಂತ್ರಿ ಅಂಬೇಡ್ಕರ್. ವರ್ಷಗಟ್ಟಲೆ ವಿರೋಧ, ಮುಂದೂಡಿಕೆ. ಮಸೂದೆ ಮೂಲೆಗೆ ಬಿದ್ದಾಗ 1951ರಲ್ಲಿ ಅವರು ಮಂತ್ರಿಸ್ಥಾನ ಬಿಟ್ಟರು. ರಾಜೀನಾಮೆಯ ಕಾರಣಗಳನ್ನು ಹೇಳುವಾಗ, ಇದು ಮಂಡನೆಯಾದದ್ದು 1947ರ ಏಪ್ರಿಲ್ 11ರಂದು ಎಂದು ದಿನಾಂಕ ಸಮೇತ ನೆನಪಿಸಿದರು. ನಾಲ್ಕು ವರ್ಷ ಜೀವ ಹಿಡಿದುಕೊಂಡಿದ್ದ ಆ ಮಸೂದೆಯನ್ನು ಕೊನೆಗೆ ತುಂಡು ತುಂಡಾಗಿ ಪಾಸು ಮಾಡಲಾಯಿತು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಇಡೀ ದೇಶಕ್ಕೆ ಬಂದದ್ದು 2005ರ ತಿದ್ದುಪಡಿಯಿಂದ. ಕರ್ನಾಟಕ ತನ್ನದೇ ತಿದ್ದುಪಡಿಯಿಂದ ಅದನ್ನು 1994ರಲ್ಲೇ ಜಾರಿಗೆ ತಂದಿತ್ತು.